ಹರದೇಶಿ ಹೆಚ್ಚೋ, ನಾಗೇಶಿ ಹೆಚ್ಚೋ?

ಹಾಡಿನ ಸ್ಪರ್ಧೆ ಎಂದರೆ ಈಗ ಟಿವಿಯ ರಿಯಾಲಿಟಿ ಶೋ, ಇಲ್ಲವೇ ದೂರದ ಯೂರೋವಿಷನ್. ಮಳಖೇಡ, ಸೇಡಂ, ಚಿಂಚೋಳಿಯಿಂದ ಹಿಡಿದು ವಿಜಯಪುರ, ಬೆಳಗಾವಿವರೆಗೆ ಕೇಳಿಬಂದ, ಗಂಡು ಹೆಚ್ಚೆನ್ನುವ ಹರದೇಶಿ, ಹೆಣ್ಣು ಹೆಚ್ಚೆನ್ನುವ ನಾಗೇಶಿ ಮೇಳಗಳ ವಾದದ ಹಾಡು ನೆನಪಾಗುವುದೇ ಕಡಿಮೆ. ನೆನಪಾದರೂ ಅರ್ಧಂಬರ್ಧ.

ತಪ್ಪು ಕಲ್ಪನೆ: ಗಡಿ ದಾಟಿದ ಹಾಡಿನ ಪೈಪೋಟಿ ಪಶ್ಚಿಮದವರ ಕಾಣಿಕೆ.

ವಾಸ್ತವ: ಯೂರೋವಿಷನ್ ಶುರುವಾದದ್ದು 1956ರಲ್ಲಿ, ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ, 7 ದೇಶಗಳೊಂದಿಗೆ. ಶಿವಪಕ್ಷದ ತುರಾಯಿ, ಶಕ್ತಿಪಕ್ಷದ ಕಲ್ಗಿ ಎಂಬ ಹಾಡುಗಾರರ ಬಣಗಳು ಅದಕ್ಕಿಂತ ಎಷ್ಟೋ ಹಳೆಯವು. ರಾಜಸ್ಥಾನದ ಮೇವಾಡದಲ್ಲೂ ಮಹಾರಾಷ್ಟ್ರದಲ್ಲೂ ಇವೇ ಬಣಗಳಿವೆ. ನಮ್ಮಲ್ಲಿ ಹರದೇಶಿಯವರದು ತುರಾಯಿ, ನಾಗೇಶಿಯವರದು ಕಲ್ಗಿ.

ತಪ್ಪು ಕಲ್ಪನೆ: ಇದು ಗಂಡು-ಹೆಣ್ಣಿನ ಬೈದಾಟ.

ವಾಸ್ತವ: ಚುಚ್ಚುಮಾತು ಇರುತ್ತದೆ, ಮಂದಿ ಸಿಳ್ಳೆ ಹೊಡೆಯುವುದೂ ಅಲ್ಲೇ. ಆದರೆ ಒಳಗಿರುವುದು ತತ್ವದ ವಾದ. ಬೀಜವಿಲ್ಲದೆ ಬೆಳೆ ಎಲ್ಲಿಯದು ಎಂದು ಹರದೇಶಿ ಕೇಳಿದರೆ, ಹೊಲವೇ ಇಲ್ಲದೆ ಬೀಜ ಎಲ್ಲಿ ಬಿತ್ತುತ್ತೀ ಎಂದು ನಾಗೇಶಿ ತಿರುಗಿ ಕೇಳುತ್ತದೆ. ಶಿವ ದೊಡ್ಡವನೆಂದರೆ, ಅವನ ಅರ್ಧ ಮೈ ಯಾರದು ಎಂಬ ಸವಾಲು. ಪುರಾಣದಿಂದ ಸಂಸಾರಕ್ಕೆ, ಸಂಸಾರದಿಂದ ಮತ್ತೆ ಪುರಾಣಕ್ಕೆ ಮಾತು ಜಿಗಿಯುತ್ತದೆ. ದಪ್ಪು, ತುಂತುಣಿ, ತಾಳದ ಜೊತೆಗೆ ಹಿಮ್ಮೇಳದವರು ‘ಗೀ ಗೀ’ ಎಂದು ಎಳೆಯುವಷ್ಟರಲ್ಲಿ ಮುಂದಿನ ನುಡಿ ನಾಲಿಗೆಯ ಮೇಲಿರಬೇಕು. ನನ್ನ ಒಲವು ನಾಗೇಶಿಯ ಕಡೆಗೆ. ಗಂಡು ಹೆಚ್ಚು ಎನ್ನಲು ಊರಿನ ರೂಢಿಯೇ ಬೆನ್ನಿಗಿದೆ. ಹೆಣ್ಣು ಹೆಚ್ಚು ಎಂದು ಆ ಊರಿನ ಕಟ್ಟೆಯ ಮೇಲೇ ಒಪ್ಪಿಸಬೇಕಾದವರಿಗೆ ಜಾಣ್ಮೆ ಒಂದೇ ಆಸರೆ.

ತಪ್ಪು ಕಲ್ಪನೆ: ಓದುಬರಹ ಬಾರದವರ ಹಾಡಿನಲ್ಲಿ ಶಾಸ್ತ್ರ ಎಲ್ಲಿಂದ ಬರಬೇಕು?

ವಾಸ್ತವ: ಈ ಪ್ರಶ್ನೆಗೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡವೇ ಉತ್ತರ ಕೊಟ್ಟು ಸಾವಿರ ವರ್ಷ ಮೀರಿತು. ಸುಮಾರು 850ರ ಹೊತ್ತಿಗೆ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ, ಕಾವ್ಯಜಾಣ್ಮೆ ಓದಿದವರ ಸ್ವತ್ತಲ್ಲ ಎಂದು ಕನ್ನಡಿಗರನ್ನು ಹೊಗಳಿದೆ.

ತಪ್ಪು ಕಲ್ಪನೆ: ಇಲ್ಲಿ ದೇವರು, ಪುರಾಣ ಬಿಟ್ಟರೆ ಬೇರೇನೂ ಇಲ್ಲ.

ವಾಸ್ತವ: ವಾದ ಬಿಟ್ಟು ಲಾವಣಿಗೆ ಬನ್ನಿ. 1857ರ ಹಲಗಲಿ ಬೇಡರ ದಂಗೆಯನ್ನು ಹಾಡಾಗಿ ಉಳಿಸಿದ್ದು ‘ಕುರ್ತಕೋಟಿ ಕಲ್ಮೇಶ’ ಅಂಕಿತದ ಲಾವಣಿ. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಗೀಗೀ ಮೇಳಗಳು ಹಳ್ಳಿಗಳಿಗೆ ಸುದ್ದಿಪತ್ರಿಕೆಯೇ ಆಗಿದ್ದವು.

ತಪ್ಪು ಕಲ್ಪನೆ: ಗೆದ್ದ ಹಾಡೇ ಒಳ್ಳೆಯ ಹಾಡು.

ವಾಸ್ತವ: ಯೂರೋವಿಷನ್‌ನಲ್ಲೇ ಇದು ನಿಜವಲ್ಲ. 1958ರಲ್ಲಿ ಇಟಲಿಯ ಡೊಮೆನಿಕೊ ಮೊಡುನ್ಯೊ ಹಾಡಿದ, ‘ವೊಲಾರೆ’ ಎಂದೇ ಹೆಸರಾದ ಗೀತೆಗೆ ಸಿಕ್ಕಿದ್ದು 3ನೇ ಸ್ಥಾನ. ಮರುವರ್ಷ ಮೊದಲ ಗ್ರ್ಯಾಮಿ ಸಮಾರಂಭದಲ್ಲಿ ವರ್ಷದ ಹಾಡು, ವರ್ಷದ ಧ್ವನಿಮುದ್ರಿಕೆ ಎರಡೂ ಪ್ರಶಸ್ತಿ ಅದರ ಪಾಲಾದವು. 1958ರ ವಿಜೇತ ಗೀತೆಯನ್ನು ಈಗ ಗುನುಗುವವರು ಎಷ್ಟು ಮಂದಿ? ನಮ್ಮ ಜಾತ್ರೆಯ ಕಟ್ಟೆಯಲ್ಲಂತೂ ಅಂಕಪಟ್ಟಿ ಬೇಕಿಲ್ಲ. ಮೆಚ್ಚಿದವರು ಎದ್ದುಬಂದು ನೋಟು ಕೊಡುತ್ತಾರೆ, ಒಮ್ಮೊಮ್ಮೆ ಒಬ್ಬರೇ ಎರಡೂ ಮೇಳಕ್ಕೆ!

ಮುಂದಿನ ಜಾತ್ರೆಯಲ್ಲಿ ಈ ಹಾಡಿಕೆ ಇದ್ದರೆ ಮಧ್ಯರಾತ್ರಿಗೇ ಎದ್ದು ಬರಬೇಡಿ. ಮೊದಮೊದಲು ದೇವರ ಸ್ತುತಿ, ಪೀಠಿಕೆ. ಗಟ್ಟಿ ಸವಾಲುಗಳು ಹೊರಬೀಳುವುದು ಆಮೇಲೆ.