ವಿದ್ಯುತ್ ಕಾರು: ಅಗ್ಗದ್ದೋ, ತುಟ್ಟಿಯದ್ದೋ?

ಪುಣೆಗೆ ಬಂದು ಇಪ್ಪತ್ತು ವರ್ಷವಾದರೂ, ನಮ್ಮ ಮನೆಯಲ್ಲಿ ಯಾವ ದೊಡ್ಡ ಖರ್ಚಿನ ಮಾತೆದ್ದರೂ ಅದು ಧಾರವಾಡದ ಹಾದಿ ಹಿಡಿಯದೆ ಇರುವುದಿಲ್ಲ. ಹಳೆಯ ಪೆಟ್ರೋಲ್ ಕಾರನ್ನು ಮಾರಿ ವಿದ್ಯುತ್ ಕಾರು ಕೊಳ್ಳೋಣವೆಂದಾಗಲೂ ಹಾಗೆಯೇ ಆಯಿತು. ನನ್ನ ಕಣ್ಣು ಅಗ್ಗದ ಕಾರಿನ ಮೇಲೆ. "ಊರಲ್ಲಿ ಅತ್ತೆಯವರಿಗೆ ಎಪ್ಪತ್ತೆಂಟು ವರ್ಷ. ಅರ್ಧರಾತ್ರಿ ಕರೆ ಬಂದರೂ ಹೊರಡುವಂಥ ಕಾರು ಬೇಕು" ಎಂದಳು ಮನೆಯಾಕೆ. ಅವಳ ಮಾತೂ ಸುಳ್ಳಲ್ಲ.

ಕಾಗದ ಪೆನ್ಸಿಲು ಹಿಡಿದು ಕುಳಿತೆವು. ಒಂದು ಕಡೆ 2022ರಲ್ಲಿ ಬಂದ ಟಾಟಾ ಟಿಯಾಗೊ. 24 ಯುನಿಟ್ಟಿನ ಬ್ಯಾಟರಿ, ಕಂಪನಿ ಹೇಳಿದ ಓಟ 315 ಕಿ.ಮೀ. ಇನ್ನೊಂದು ಕಡೆ 2024ರಲ್ಲಿ 45 ಯುನಿಟ್ಟಿನ ಬ್ಯಾಟರಿಯೊಡನೆ ಬಂದ ನೆಕ್ಸಾನ್. ಹೇಳಿದ ಓಟ 489. ಇವು ಪರೀಕ್ಷೆಯ ಅಂಕಿಗಳು. ಹೆದ್ದಾರಿಯ ವೇಗ, ಘಾಟು, ತಂಪು ಯಂತ್ರ ಎಲ್ಲವನ್ನೂ ಲೆಕ್ಕಕ್ಕೆ ತಂದು ಮೂರರಲ್ಲಿ ಎರಡು ಪಾಲು ಹಿಡಿಯುವುದು ಜಾಣತನ. ಬಿಡುಗಡೆಯಾದಾಗಿನ ಬೆಲೆಗಳ ಅಂತರ ಸುಮಾರು ಐದು ಲಕ್ಷ ರೂಪಾಯಿ.

ಪೇಟೆಯಲ್ಲಿ ನಮ್ಮ ದಿನದ ಓಡಾಟ ನಲವತ್ತು ಕಿ.ಮೀ. ಸಣ್ಣ ಕಾರಿಗೆ ಐದಾರು ಯುನಿಟ್ ಸಾಕು. ದೊಡ್ಡದಕ್ಕೆ ಒಂದೆರಡು ಹೆಚ್ಚು. ಎಂದರೆ ಪೆಟ್ರೋಲಿನ ಉಳಿತಾಯ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. 15 ಆಂಪಿಯರಿನ ಸಾದಾ ಪ್ಲಗ್ಗಿನಲ್ಲಿ ಸಣ್ಣದು ಒಂದು ರಾತ್ರಿಯಲ್ಲಿ ತುಂಬುತ್ತದೆ. ಬರಿದಾದ ದೊಡ್ಡದಕ್ಕೆ ಒಂದು ರಾತ್ರಿ ಸಾಲದು.

ಧಾರವಾಡ ಇಲ್ಲಿಂದ ಸುಮಾರು 420 ಕಿ.ಮೀ. ಸಣ್ಣ ಕಾರು ದಾರಿಯಲ್ಲಿ ಎರಡು ಸಲ, ಸಲಕ್ಕೆ ತಾಸಿನಷ್ಟು, ನಿಲ್ಲಬೇಕು. ದೊಡ್ಡದು ಕೊಲ್ಲಾಪುರದಲ್ಲಿ ಒಮ್ಮೆ ನಿಂತರಾಯಿತು. ಅಗಲವಾದ ಆಸನ, ಸಾಮಾನಿಗೆ ಜಾಗ, ಭಾರತ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯ ಐದು ನಕ್ಷತ್ರ ಇವೂ ಅದರ ಗುಣಗಳೇ. ಆದರೆ ಆ ಐದು ಲಕ್ಷವನ್ನು ಶೇಕಡಾ 9ರ ಬಡ್ಡಿಗೆ ಐದು ವರ್ಷದ ಸಾಲವಾಗಿ ತೆಗೆದರೆ ತಿಂಗಳ ಕಂತು ಹತ್ತು ಸಾವಿರಕ್ಕೂ ಮೇಲೆ!

ತೀರ್ಮಾನವಾಗದೆ ಅವ್ವನಿಗೇ ಫೋನು ಮಾಡಿದೆವು. "ಕಾರು ದೊಡ್ಡದಾದರ ನೀ ಹೆಚ್ಚಿಗಿ ಬರ್ತೀಯೇನು? ವರ್ಷಕ್ಕ ಎರಡು ಸಲ ಬರಾಂವ ನೀನು" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಸಣ್ಣದನ್ನೇ ಕೊಂಡೆವು. ಉಳಿದ ಕಂತಿನ ಹಣದಲ್ಲಿ ಎರಡು ತಿಂಗಳಿಗೊಮ್ಮೆ ರಾತ್ರಿ ರೈಲು ಹತ್ತುತ್ತೇವೆ. ಅವಸರ ಬಿದ್ದರೆ ಬಾಡಿಗೆ ಕಾರು ಇದ್ದೇ ಇದೆ. ತಿಂಗಳು ತಿಂಗಳೂ ವೃದ್ಧರನ್ನು ಕೂರಿಸಿಕೊಂಡು ಊರಿಗೆ ಓಡಾಡುವವರು ಮಾತ್ರ ದೊಡ್ಡದನ್ನೇ ಕೊಳ್ಳಲಿ. ಅವರಿಗೆ ಅದು ದುಂದಲ್ಲ.

ಮುಂಗಡ ಕೊಡುವ ಮುನ್ನ ಎರಡು ಕೆಲಸ ಮರೆಯಬೇಡಿ. ವಾಹನ ನಿಲ್ಲಿಸುವಲ್ಲಿ ಪ್ಲಗ್ಗು ಹಾಕಿಸಲು ಗೃಹಸಂಘದ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಬ್ಯಾಟರಿಗೆ ಎಷ್ಟು ವರ್ಷದ, ಎಷ್ಟು ಕಿಲೋಮೀಟರಿನ ಖಾತರಿ ಎಂಬುದನ್ನು ಓದಿ ನೋಡಿ. ಇಂದಿನ ಬೆಲೆಯನ್ನು ಅಂಗಡಿಯಲ್ಲಿಯೇ ಕೇಳಿ. ಆಮೇಲೆ ಊರಿಗೆ ಒಂದು ಫೋನು ಮಾಡಿ.