ಒಂದು ಬೆರಳು, ಹತ್ತಾರು ಹಡಗು

ಐಸ್‌ಲ್ಯಾಂಡ್‌ನ ಸಿಸಿಪಿ ಕಂಪನಿ 2003ರಲ್ಲಿ ಆರಂಭಿಸಿದ ‘ಈವ್ ಆನ್‌ಲೈನ್’ ಎಂಬ ಕಂಪ್ಯೂಟರ್ ಆಟವನ್ನು ಮಕ್ಕಳಾಟವೆಂದು ತಳ್ಳಿಹಾಕುವಂತಿಲ್ಲ. ಸಾವಿರಾರು ಜನ ಏಕಕಾಲಕ್ಕೆ ಪಾಲ್ಗೊಳ್ಳುವ ಈ ಕಾಲ್ಪನಿಕ ಬಾಹ್ಯಾಕಾಶದಲ್ಲಿ ಅದಿರು ಅಗೆಯುವವರು, ಹಡಗು ಕಟ್ಟುವವರು, ವರ್ತಕರು, ಯೋಧರು ಎಲ್ಲರೂ ಆಟಗಾರರೇ. ಬೆಲೆಗಳನ್ನು ಬಹುಮಟ್ಟಿಗೆ ಬೇಡಿಕೆ ಮತ್ತು ಪೂರೈಕೆಗಳೇ ನಿರ್ಧರಿಸುತ್ತವೆ. ಈ ಮಾರುಕಟ್ಟೆಯನ್ನು ಅಧ್ಯಯನ ಮಾಡಲೆಂದೇ ಕಂಪನಿಯು 2007ರಲ್ಲಿ ಅರ್ಥಶಾಸ್ತ್ರಜ್ಞರೊಬ್ಬರನ್ನು ನೇಮಿಸಿಕೊಂಡಿತು. ಅರ್ಥಶಾಸ್ತ್ರ ಓದಿ, ವೃತ್ತಿಜೀವನವನ್ನೆಲ್ಲ ನಿಯಮಗಳ ನಡುವೆ ಕಳೆದ ನನಗೆ ಅಲ್ಲಿನ ಒಂದು ವಿವಾದ ಬಹಳ ಬೋಧಪ್ರದವಾಗಿ ಕಂಡಿದೆ.

ಚಂದಾ ಕಟ್ಟಿದರೆ ಅಲ್ಲಿ ಒಬ್ಬನೇ ಹಲವು ಖಾತೆಗಳನ್ನು ಹೊಂದಬಹುದು. ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಒಮ್ಮೆ ಕೀಲಿ ಒತ್ತಿದರೆ ಆ ಆದೇಶವನ್ನು ಎಲ್ಲ ಖಾತೆಗಳಿಗೂ ರವಾನಿಸುವ ತಂತ್ರಾಂಶ ಬಳಸಿ, ಹತ್ತಾರು ಹಡಗುಗಳಿಂದ ಒಟ್ಟಿಗೇ ಅದಿರು ತೆಗೆಸಿದರು; ಯುದ್ಧದಲ್ಲಿ ಒಂದೇ ಕ್ಷಣಕ್ಕೆ ಬಾಂಬುಗಳ ಮಳೆಗರೆದರು. ದೂರುಗಳು ಹೆಚ್ಚಿದವು. 2015ರ ಜನವರಿ 1ರಿಂದ ಕಂಪನಿ ಇಂಥ ಬಳಕೆಯನ್ನು ನಿಷೇಧಿಸಿತು. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟದ ಒಡೆತನದ ಬ್ಲಿಝಾರ್ಡ್ ಕೂಡ 2020ರ ನವೆಂಬರ್‌ನಲ್ಲಿ ಇದೇ ಬಗೆಯ ನಿರ್ಬಂಧವನ್ನು ಪ್ರಕಟಿಸಿತು. ಎರಡೂ ಕಡೆ ಹಲವು ಖಾತೆಗಳಿಗೆ ನಿಷೇಧವಿರಲಿಲ್ಲ. ಒಂದು ಒತ್ತಿಗೆ ಹಲವು ಕ್ರಿಯೆ ನಡೆಸುವುದಕ್ಕಷ್ಟೇ ನಿಷೇಧ.

ತಂತ್ರಾಂಶ ಬಳಸುವವರ ವಾದದಲ್ಲಿ ಹುರುಳಿಲ್ಲದಿಲ್ಲ. ‘ಪ್ರತಿ ಖಾತೆಗೂ ಹಣ ತೆತ್ತಿದ್ದೇವೆ. ಟ್ರ್ಯಾಕ್ಟರ್ ಕೊಂಡ ರೈತನನ್ನು ಯಾರಾದರೂ ಶಿಕ್ಷಿಸುತ್ತಾರೆಯೇ? ಅದಿರು ಅಗ್ಗವಾದರೆ ಹಡಗು ಕೊಳ್ಳುವವನಿಗೆ ಲಾಭವಲ್ಲವೇ?’ ಎಂದು ಅವರು ಕೇಳಬಹುದು. ನಿಜ ಬದುಕಿನ ಆರ್ಥಿಕತೆಯಲ್ಲಾದರೆ ಈ ತರ್ಕವನ್ನು ನಾನು ಒಪ್ಪುತ್ತಿದ್ದೆ. ಹೊಲದ ಗುರಿ ಧಾನ್ಯ. ಕಡಿಮೆ ಶ್ರಮದಲ್ಲಿ ಅದು ಬೆಳೆದಷ್ಟೂ ಒಳಿತು. ಆಟದ ಗುರಿ ಅದಿರಲ್ಲ, ಅದನ್ನು ಪಡೆಯುವ ಪ್ರಯತ್ನ. ಅದಿರಿನ ಬೆಲೆ ಕುಸಿದಾಗ, ಒಂದೇ ಹಡಗಿನೊಂದಿಗೆ ಬಂದ ಹೊಸಬನ ಒಂದು ಗಂಟೆಗೆ ಬೆಲೆಯಿಲ್ಲದಾಗುತ್ತದೆ. ಹೊಸಬರು ನಿಲ್ಲದ ಆಟ ಬಹುಕಾಲ ಬಾಳದು.

ಜಾರಿಯೇ ಕಠಿಣ. ಕಂಪನಿಯ ಸರ್ವರ್‌ಗೆ ಕಾಣುವುದು ಆದೇಶ ಮತ್ತು ಅದು ಬಂದ ಸಮಯ. ಒತ್ತಿದ ಕೈ ಕಾಣುವುದಿಲ್ಲ. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು ಎಲ್ಲೆಡೆ ಇದ್ದಾರೆ. ಇದಕ್ಕಿಂತ ದೊಡ್ಡ ತೊಡಕು ಬೇರೆ: ಹತ್ತು ಖಾತೆ ಇಟ್ಟವನು ಹತ್ತು ಚಂದಾ ಕಟ್ಟುವ ಗ್ರಾಹಕ. ಅವನನ್ನು ಹೊರಹಾಕುವುದೆಂದರೆ ಕಂಪನಿ ತನ್ನ ವರಮಾನಕ್ಕೆ ತಾನೇ ಕತ್ತರಿ ಹಾಕಿಕೊಂಡಂತೆ.

ಈ ಪ್ರಶ್ನೆ ಆಟಕ್ಕೆ ಮಾತ್ರ ಸೀಮಿತವಲ್ಲ. ಕ್ಷಣಾರ್ಧದಲ್ಲಿ ಅರ್ಜಿ ತುಂಬುವ ತಂತ್ರಾಂಶಗಳ ಎದುರು ನಮ್ಮ ರೈಲ್ವೆಯ ತತ್ಕಾಲ್ ಟಿಕೆಟ್‌ಗೆ ಕಾದು ಕುಳಿತವರಿಗೂ ಇದರ ಬಿಸಿ ತಟ್ಟಿದೆ. 2025ರ ಜುಲೈ 1ರಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ದೃಢೀಕರಣ ಕಡ್ಡಾಯವಾದದ್ದು ಸರದಿಯಲ್ಲಿ ಮನುಷ್ಯನನ್ನು ಗುರುತಿಸುವ ಯತ್ನವೇ. ಎಲ್ಲಿ ಸರದಿಯೇ ನ್ಯಾಯದ ಆಧಾರವೋ, ಅಲ್ಲಿ ಯಂತ್ರದ ವೇಗವನ್ನು ದಕ್ಷತೆ ಎಂದು ಕರೆಯಲಾಗದು. ಯಾರ ಬಳಿ ಎಷ್ಟು ಖಾತೆ ಎಂಬುದಕ್ಕಿಂತ ಒಂದು ಕೈ ಒಮ್ಮೆಗೆ ಎಷ್ಟು ಬಾಚಬಹುದು ಎಂಬುದನ್ನು ನಿಯಮ ನಿರ್ಧರಿಸಬೇಕು. ಮಿತಿ ಮೀರಿದವನು ತನಗೆ ಲಾಭ ತರುವವನಾಗಿದ್ದಾಗಲೂ ಅದನ್ನು ಜಾರಿಗೊಳಿಸುವ ಧೈರ್ಯ ನಿಯಂತ್ರಕನಿಗೆ ಇರಬೇಕು.