ಅಡಿಕೆ ಸೋಗೆಗೆ ಪ್ರಭಾವಲಯವೇಕೆ? ಎಚ್‌ಡಿಆರ್ ತಂತ್ರಾಂಶದ ಆಯ್ಕೆ

ಪುತ್ತೂರು, ಸುಳ್ಯ, ಕಡಬ ಕಡೆಯ ಅಡಿಕೆ ತೋಟವೊಂದರಲ್ಲಿ ಮಧ್ಯಾಹ್ನ ನಿಂತು ಸುತ್ತ ನೋಡಿ. ಮರದ ಬುಡದ ನೆರಳೂ ಸೋಗೆಗಳ ಸಂದಿನ ಬೆಳ್ಳನೆಯ ಆಕಾಶವೂ ನಿಮ್ಮ ಕಣ್ಣಿಗೆ ಕಾಣುತ್ತವೆ. ಅದನ್ನೇ ಕ್ಯಾಮೆರಾದಲ್ಲಿ ಸೆರೆಹಿಡಿದರೆ ತೋಟ ಕಪ್ಪಾಗುತ್ತದೆ, ಇಲ್ಲವೇ ಆಕಾಶ ಸುಣ್ಣ ಬಳಿದಂತಾಗುತ್ತದೆ. ಮರಗಳ ನೆರಳಿನಲ್ಲಿ ನಿಂತು 1712 ಮೀಟರ್ ಎತ್ತರದ ಕುಮಾರಪರ್ವತದ ಚಿತ್ರ ತೆಗೆಯುವವರ ಪಾಡೂ ಇದೇ.

ಇದಕ್ಕೆ ಒಂದು ಪರಿಹಾರ ‘ಹೈ ಡೈನಮಿಕ್ ರೇಂಜ್’, ಅಂದರೆ ಎಚ್‌ಡಿಆರ್. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ಷಟರ್ ವೇಗವನ್ನು ಮಾತ್ರ ಬದಲಿಸುತ್ತ ಒಂದೇ ದೃಶ್ಯದ ಮೂರು ಚಿತ್ರ ತೆಗೆಯಬೇಕು. ಅವುಗಳಿಂದ ದೃಶ್ಯದ ನಿಜವಾದ ಬೆಳಕಿನ ಅನುಪಾತವನ್ನು ಲೆಕ್ಕಹಾಕುವ ವಿಧಾನವೊಂದನ್ನು ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ 1997ರಲ್ಲಿ ಪ್ರಕಟಿಸಿದರು. ಇಲ್ಲಿಯವರೆಗೆ ತೊಂದರೆಯಿಲ್ಲ. ಆ ದೊಡ್ಡ ವ್ಯಾಪ್ತಿಯನ್ನು ಪರದೆಯ ಅಥವಾ ಕಾಗದದ ಚಿಕ್ಕ ವ್ಯಾಪ್ತಿಗೆ ಇಳಿಸುವಾಗ, ಅಂದರೆ ಟೋನ್ ಮ್ಯಾಪಿಂಗ್ ಮಾಡುವಾಗ, ಮರಗಳ ಸುತ್ತ ದೇವರ ಪಟದಲ್ಲಿರುವಂತೆ ಪ್ರಭಾವಲಯ ಮೂಡುತ್ತದೆ!

ಏಕೆ? ಆಕಾಶದ ಬೆಳಕು 1000, ಸೋಗೆಯದು 10 ಎಂದಿಟ್ಟುಕೊಳ್ಳಿ. ತಂತ್ರಾಂಶ ಪ್ರತಿ ಬಿಂದುವಿನ ಬೆಳಕನ್ನು ಅದರ ಸುತ್ತಲಿನ ಸರಾಸರಿಯಿಂದ ಭಾಗಿಸುತ್ತದೆ ಎನ್ನೋಣ. ದೂರದ ಆಕಾಶದಲ್ಲಿ 1000ವನ್ನು 1000ದಿಂದ ಭಾಗಿಸಿದರೆ 1. ಸೋಗೆಗೆ ತಾಗಿದ ಆಕಾಶದಲ್ಲಾದರೋ ಸರಾಸರಿಯೊಳಗೆ ಸೋಗೆಯೂ ಅರ್ಧ ಸೇರಿಕೊಳ್ಳುತ್ತದೆ. ಸರಾಸರಿ 505 ಆಗಿ, ಉತ್ತರ ಸುಮಾರು 2 ಬರುತ್ತದೆ. ಒಂದೇ ಆಕಾಶ ಅಂಚಿನಲ್ಲಿ ಇಮ್ಮಡಿ ಬೆಳಗಿತು! ಅದೇ ಕಾರಣಕ್ಕೆ ಸೋಗೆಯ ಅಂಚು ಇನ್ನಷ್ಟು ಕಪ್ಪಾಗುತ್ತದೆ. (ತರಗತಿಯಲ್ಲಿ ಹತ್ತು ಚೌಕಗಳ ಸಾಲು ಬರೆದು ವಿದ್ಯಾರ್ಥಿಗಳಿಂದಲೇ ಈ ಲೆಕ್ಕ ಮಾಡಿಸಬಹುದು.)

ಹಾಗಾಗಿ ತಂತ್ರಾಂಶವನ್ನು ಆರಿಸುವಾಗ ಕೇಳಬೇಕಾದ ಮುಖ್ಯ ಪ್ರಶ್ನೆ: ಅದು ಅಂಚನ್ನು ಗುರುತಿಸಿ ಸರಾಸರಿ ತೆಗೆಯುತ್ತದೆಯೆ? ತನ್ನಂತೆಯೇ ಬೆಳಕಿರುವ ನೆರೆಯ ಬಿಂದುಗಳಿಗೆ ಮಾತ್ರ ಹೆಚ್ಚು ತೂಕ ಕೊಡುವ ‘ಬೈಲ್ಯಾಟರಲ್ ಫಿಲ್ಟರ್’ ಅನ್ನು ಡ್ಯುರಾಂಡ್ ಮತ್ತು ಡಾರ್ಸಿ 2002ರಲ್ಲಿ ಟೋನ್ ಮ್ಯಾಪಿಂಗ್‌ಗೆ ಅಳವಡಿಸಿದರು. ಆಗ ಆಕಾಶದ ಸರಾಸರಿ ಅಂಚಿನಲ್ಲೂ 1000ದ ಹತ್ತಿರವೇ ಉಳಿಯುತ್ತದೆ. ಉಚಿತವಾಗಿ ಸಿಗುವ ಲ್ಯುಮಿನೆನ್ಸ್ ಎಚ್‌ಡಿಆರ್‌ನಲ್ಲಿ ಈ ವಿಧಾನದ ಜೊತೆಗೆ ಮಾಂಟಿಯುಕ್, ಫಟ್ಟಾಲ್, ರೈನ್‌ಹಾರ್ಡ್ ಮೊದಲಾದವರ ವಿಧಾನಗಳೂ ಇವೆ. ಒಂದೇ ಚಿತ್ರಕ್ಕೆ ಎಲ್ಲವನ್ನೂ ಹಚ್ಚಿ ನೋಡಲು, ಮುಖ್ಯವಾಗಿ ಕಲಿಯಲು, ಇದು ಒಳ್ಳೆಯದು. ಹಣ ಕೊಟ್ಟು ಕೊಳ್ಳುವ ಫೋಟೋಮ್ಯಾಟಿಕ್ಸ್‌ನಲ್ಲಿ ‘ಸ್ಟ್ರೆಂತ್’ ಗುಂಡಿಯನ್ನು ಕೊನೆಯವರೆಗೆ ಎಳೆದವರು ಪ್ರಭಾವಲಯಕ್ಕೆ ತಂತ್ರಾಂಶವನ್ನು ದೂರುವಂತಿಲ್ಲ!

ನಿಸರ್ಗಚಿತ್ರಕ್ಕೆ ನಮ್ಮ ಮೊದಲ ಮತ ಉಚಿತ ತಂತ್ರಾಂಶ ಎನ್‌ಫ್ಯೂಸ್‌ಗೆ. ಮರ್ಟೆನ್ಸ್, ಕೌಟ್ಸ್ ಮತ್ತು ವಾನ್ ರೀಥ್ 2007ರಲ್ಲಿ ವಿವರಿಸಿದ ‘ಎಕ್ಸ್‌ಪೋಷರ್ ಫ್ಯೂಷನ್’ ಇದರ ತಳಹದಿ. ಮೂರೂ ಚಿತ್ರಗಳಲ್ಲಿ ಚೆನ್ನಾಗಿ ಬೆಳಕು ಬಿದ್ದ ಭಾಗಗಳನ್ನೇ ಇದು ಬೆಸೆಯುವುದರಿಂದ ಟೋನ್ ಮ್ಯಾಪಿಂಗ್‌ನ ಮೆಟ್ಟಿಲೇ ಇಲ್ಲ. ಅಂಚಿನಲ್ಲಿ ಮಂದವಾದ ಹೊಳಪು ಕೆಲವೊಮ್ಮೆ ಉಳಿಯಬಹುದು, ಆದರೆ ಕಣ್ಣಿಗೆ ಹೊಡೆಯುವುದು ಕಡಿಮೆ.

ಪರೀಕ್ಷಿಸುವುದು ಹೇಗೆ? ಗುಡ್ಡದ ಅಂಚಿಗೆ ತಾಗಿದ ಆಕಾಶದ ಬೆಲೆಯನ್ನೂ ಅಲ್ಲಿಂದ ಇನ್ನೂರು ಪಿಕ್ಸೆಲ್ ಮೇಲಿನ ಬೆಲೆಯನ್ನೂ ಗಿಂಪ್‌ನ ಬಣ್ಣ ಆರಿಸುವ ಸಾಧನದಿಂದ ಓದಿ. ದಿಗಂತದ ಬಳಿ ಆಕಾಶ ಸಹಜವಾಗಿಯೇ ತುಸು ಬೆಳ್ಳಗಿರುತ್ತದೆ. ಆದ್ದರಿಂದ ಆಕಾಶ ಸರಿಯಾಗಿ ಮೂಡಿರುವ ಮೂಲ ಚಿತ್ರದಲ್ಲೂ ಅದೇ ಎರಡು ಜಾಗಗಳನ್ನು ಓದಿ ಹೋಲಿಸಬೇಕು. ಮೂಲದಲ್ಲಿ ಇಲ್ಲದ ಅಗಲವಾದ ಬಿಳಿ ಪಟ್ಟಿ ಸಂಸ್ಕರಿಸಿದ ಚಿತ್ರದಲ್ಲಿದ್ದರೆ ಅದೇ ಪ್ರಭಾವಲಯ. ಒಂದೆರಡು ಪಿಕ್ಸೆಲ್ ಅಗಲದ ತೆಳು ಗೆರೆಯಾದರೆ ಅತಿಯಾದ ಶಾರ್ಪನಿಂಗ್ ಕಾರಣವಿರಬಹುದು.

ಇನ್ನು ಗಾಳಿಯ ಮಾತು. ಸೋಗೆಗಳು ಅಲುಗಿದರೆ ಮೂರು ಚಿತ್ರಗಳು ಒಂದರ ಮೇಲೊಂದು ಕೂಡುವುದಿಲ್ಲ, ಸೋಗೆಯ ಪಕ್ಕ ಅದರದೇ ಭೂತ ನಿಲ್ಲುತ್ತದೆ. ಅಂಥ ದಿನ ಆಕಾಶ ಕೆಡದಂತೆ ಒಂದೇ ಒಂದು ‘ರಾ’ ಚಿತ್ರ ತೆಗೆಯಿರಿ. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಹಂತಗಳಾದರೆ, 14 ಬಿಟ್‌ನ ರಾ ಕಡತದಲ್ಲಿ 16,384 ಇರುತ್ತವೆ. ಉಚಿತ ತಂತ್ರಾಂಶ ಡಾರ್ಕ್‌ಟೇಬಲ್‌ನಲ್ಲಿ 2019ರ ಕೊನೆಗೆ ಸೇರಿದ ‘ಟೋನ್ ಈಕ್ವಲೈಸರ್’ ಅಂಚುಗಳನ್ನು ಕಾಯ್ದುಕೊಂಡೇ ನೆರಳನ್ನು ಮೇಲೆತ್ತಬಲ್ಲದು. ಬುಡದ ಕತ್ತಲನ್ನು ಪೂರ್ತಿ ಓಡಿಸಬೇಡಿ. ತೋಟದೊಳಗೆ ಮಧ್ಯಾಹ್ನವೂ ನೆರಳಿರುತ್ತದೆ.